ಸಾದಾ ಕಿವಿ, ಪ್ರೀಮಿಯಂ ಪೆಟ್ರೋಲು

ದಿನವಿಡೀ ಊರಿನವರನ್ನೆಲ್ಲ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೊಂದು ಭಾರದ ಚೌಕಟ್ಟು ಏರಿಸಿ, ಅದರೊಳಗೆ ಗಾಜು ಬದಲಾಯಿಸುತ್ತಾ, “ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ?” ಎಂದು ಕೇಳುವುದು ಅವನ ಉದ್ಯೋಗವಾಗಿತ್ತು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಮನುಷ್ಯ. ಆರಿಸುವ ಕಷ್ಟವನ್ನೆಲ್ಲ ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ತಲೆಗೆ ಕಟ್ಟಿ ಕಟ್ಟಿ, ತನ್ನ ಸರದಿ ಬಂದಾಗ ಆರಿಸುವ ತಾಕತ್ತೇ ಅವನಲ್ಲಿ ಉಳಿದಿರಲಿಲ್ಲ.

“ರೀ, ನೀಲಿ ಅಂಗಿ ಇಸ್ತ್ರಿ ಮಾಡ್ಲಾ, ಬಿಳೀದಾ?” ಎಂದು ಹೆಂಡತಿ ಕೇಳಿದರೆ “ಹೂಂ” ಎನ್ನುತ್ತಿದ್ದ.

“ಯಾವುದಕ್ರೀ ಹೂಂ?”

“ಹೂಂ, ಅದೇ.”

ಹೀಗಾಗಿ ಅಪ್ಪ ಅಮ್ಮ ಪ್ರೀತಿಯಿಂದ ಇಟ್ಟ ಹೆಸರು ಮೂಲೆಗುಂಪಾಗಿ, ಬೀದಿಯ ತುಂಬ ಅವನು ಹೂಂರಾಯನೇ ಆಗಿಬಿಟ್ಟಿದ್ದ. ಆ ಹೆಸರು ನಿಮಗೆ ಒಪ್ಪಿಗೆಯೇ ಎಂದು ಯಾರೋ ಒಮ್ಮೆ ಕೇಳಿದರಂತೆ. ಅವನು ಏನು ಹೇಳಿರಬಹುದೆಂದು ಬೇರೆ ಬರೆಯಬೇಕಾಗಿಲ್ಲ.

ಇಂಥವನಿಗೆ ಕಾರು ಓಡಿಸಲು ಕಲಿಸಿದ ಸಾಹಸಿ ಒಬ್ಬರಿದ್ದರು. ಬೀದಿಯ ಕೊನೆಯ ಮನೆಯ ಕ್ಲಚ್ ಮೇಷ್ಟ್ರು. ಡ್ರೈವಿಂಗ್ ಸ್ಕೂಲು ನಡೆಸಿ, ವಯಸ್ಸಾದ ಮೇಲೆ ಬೋರ್ಡು ಇಳಿಸಿದವರು. ಬೋರ್ಡು ಇಳಿಯಿತೇ ಹೊರತು ಪಾಠ ನಿಲ್ಲಲಿಲ್ಲ. ಅವರ ಹಳೇ ಕೆನೆಬಣ್ಣದ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕು ಇತ್ತು. ಅರ್ಧ ಬೀದಿ ಆ ಕಾರಿನಲ್ಲೇ ಕಲಿತದ್ದು. “ಕ್ಲಚ್ಚು ಬಿಡಪ್ಪಾ... ಮೆಲ್ಲಗೆ... ಮಲಗಿರೋ ಮಗು ಕೈಯಿಂದ ಬೆರಳು ಬಿಡಿಸ್ಕೊಳ್ಳೋ ಹಾಗೆ... ಹಾಂ, ಎದ್ದುಬಿಡ್ತು ನೋಡು ಮಗು!” ಎನ್ನುವಷ್ಟರಲ್ಲಿ ಗಾಡಿ ಒಮ್ಮೆ ಕುಪ್ಪಳಿಸಿ ನಿಂತಿರುತ್ತಿತ್ತು.

ಲೈಸೆನ್ಸ್ ಪರೀಕ್ಷೆಯಲ್ಲಿ ಹೂಂರಾಯ ಮತ್ತೆ ಮತ್ತೆ ನಪಾಸಾದ. “ಈಗ ಎಡಕ್ಕೆ ಹೋಗಬೇಕೋ ಬಲಕ್ಕೋ?” ಎಂದು ಇನ್ಸ್‌ಪೆಕ್ಟರು ಕೇಳಿದರೆ ಇವನು “ಹೂಂ” ಎಂದು ನೇರ ಹೋಗಿಬಿಡುತ್ತಿದ್ದ. ಬೇರೆ ಯಾರಾದರೂ ಆಗಿದ್ದರೆ ಕಾರಿನಿಂದ ಇಳಿಸಿ ನಡೆಸಿಯೇ ಮನೆಗೆ ಕಳಿಸುತ್ತಿದ್ದರು. ಮೇಷ್ಟ್ರು ಮಾತ್ರ, “ನೇರ ಹೋಗೋದೂ ಒಂದು ದಾರೀನೇ ಬಿಡು, ಇನ್ನೊಂದ್ಸಲ ನೋಡೋಣ” ಎಂದು ಪಾಸಾಗುವ ತನಕ ಕರೆದುಕೊಂಡು ಹೋದರು. ಆಮೇಲೆ ಅವನಿಗೊಂದು ಪುಟ್ಟ ಸೆಕೆಂಡ್ ಹ್ಯಾಂಡ್ ಕಾರು ಹುಡುಕಿಕೊಟ್ಟವರೂ ಅವರೇ. ಪೆಟ್ರೋಲ್ ಮುಚ್ಚಳ ತೆರೆದು ತೋರಿಸಿ, “ಇದಕ್ಕೆ ಸಾದಾ ಸಾಕು. ಕಂಪನಿಯವರೇ ಬರ್ದಿದಾರೆ” ಎಂದೂ ಹೇಳಿಕೊಟ್ಟಿದ್ದರು.

ಬೀದಿಯಲ್ಲಿ ಒಂದು ವಾಡಿಕೆ ಬೆಳೆದಿತ್ತು. ಭಾನುವಾರ ಬೆಳಿಗ್ಗೆ ಯಾರಾದರೊಬ್ಬರು ತಮ್ಮ ಕಾರಿನಲ್ಲಿ ಮೇಷ್ಟ್ರನ್ನು ಪಕ್ಕ ಕೂರಿಸಿಕೊಂಡು ಏರಿನ ಮೇಲಿನ ನೀರಿನ ಟ್ಯಾಂಕಿನವರೆಗೆ ಹೋಗಿ ಬರಬೇಕು. ಮೇಷ್ಟ್ರು ಅರ್ಧ ಕಣ್ಣು ಮುಚ್ಚಿ ಕೂತಿರುತ್ತಾರೆ. ಇಳಿದ ಮೇಲೆ ತೀರ್ಪು: “ಹಿಂದಿನ ಎಡಗಡೆ ಚಕ್ರದಲ್ಲಿ ಗಾಳಿ ಕಮ್ಮಿ.” “ನಿನ್ನ ಗಾಡಿಗೇನಾಗಿಲ್ಲ, ನೀನೇ ಬ್ರೇಕ್ ಮೇಲೆ ಕಾಲಿಟ್ಕೊಂಡು ಮಲಗ್ತೀಯ.” ಆ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ. ಬೋರ್ಡು ಇಳಿಸಿದ ಮುದುಕರಿಗೆ ವಾರಕ್ಕೊಮ್ಮೆ ಮತ್ತೆ ಮೇಷ್ಟ್ರಾಗುವ ಅವಕಾಶ. ಬೀದಿಗೆ ಪುಕ್ಕಟೆ ಮೆಕ್ಯಾನಿಕ್ಕು.

ಇಷ್ಟು ಸುಖವಾಗಿದ್ದ ಬೀದಿಗೆ ಪ್ರೀಮಿಯಂ ಬಂದದ್ದು ಹೂಂರಾಯನ ಭಾವಮೈದನಿಂದ.

ಭಾವಮೈದ ಬಚ್ಚಲುಮನೆಯ ನಲ್ಲಿಗಳ ವ್ಯಾಪಾರಿ. ಅವನ ಪ್ರಕಾರ ಲೋಕದ ವಸ್ತುಗಳಲ್ಲಿ ಎರಡೇ ಬಗೆ. ಒಂದು ‘ಪ್ರೀಮಿಯಂ’, ಇನ್ನೊಂದು ‘ಥೂ’. ಒಂದು ದಿನ ಅವನನ್ನು ಪಕ್ಕ ಕೂರಿಸಿಕೊಂಡು ಹೂಂರಾಯ ಪೆಟ್ರೋಲ್ ಬಂಕಿಗೆ ಹೋದ. ಬಂಕಿನವನು ಕಿಟಕಿಗೆ ಬಗ್ಗಿ, “ಸಾದಾನಾ ಸಾರ್, ಪ್ರೀಮಿಯಮ್ಮಾ?” ಎಂದ.

ಹೂಂರಾಯ ‘ಸಾ’ ಎನ್ನಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಭಾವಮೈದ, “ಇದನ್ನೂ ಕೇಳ್ತಾರೇನಪ್ಪಾ? ನಮ್ಮ ಭಾವನ್ನ ನೋಡಿದ್ರೆ ಸಾದಾ ಹಾಕ್ಸೋರ ಥರ ಕಾಣ್ತಾರಾ? ಯಾವಾಗ್ಲೂ ಪ್ರೀಮಿಯಮ್ಮೇ. ಅಲ್ವಾ ಭಾವ?” ಎಂದ.

ಬಾಯಿ ತೆರೆದೇ ಇತ್ತು. ಏನಾದರೂ ಹೊರಡಲೇಬೇಕಿತ್ತು. “ಹೂಂ” ಹೊರಟಿತು.

ಮನೆಗೆ ಬಂದ ಭಾವಮೈದ ಊಟದ ಮೇಜಿನಲ್ಲಿ ಸಾರಿದ. “ಅಕ್ಕಾ, ಭಾವ ಗಾಡಿಗೆ ಪ್ರೀಮಿಯಂ ಹಾಕ್ಸೋದು ನಂಗೆ ಗೊತ್ತೇ ಇರ್ಲಿಲ್ಲ!”

“ಇವ್ರಾ? ಸವೆದ ಚಪ್ಪಲಿ ಹೊಲಿಸಿ ಹೊಲಿಸಿ, ಈಗ ಅದರಲ್ಲಿ ಚಪ್ಪಲಿಗಿಂತ ಹೊಲಿಗೇನೇ ಜಾಸ್ತಿ. ಇವ್ರು ಪ್ರೀಮಿಯಮ್ಮಾ?”

ಹೆಂಡತಿ ನಕ್ಕದ್ದೇ ತಪ್ಪಾಯಿತು. ಅಲ್ಲಿಯವರೆಗೆ ಅದು ಬರೀ ಪೆಟ್ರೋಲಾಗಿತ್ತು, ಆಮೇಲೆ ಮಾನದ ಪ್ರಶ್ನೆಯಾಯಿತು. ಮರುದಿನದಿಂದ ಹೂಂರಾಯನಿಗೆ ಕಾರಿನಲ್ಲಿ ಏನೇನೋ ಬದಲಾವಣೆ ಕಾಣತೊಡಗಿತು. ಮೊದಲು ಕಾರು ‘ಖೊರ್ರ್... ಖೊರ್ರ್...’ ಎಂದು ಮುದುಕರ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಿತ್ತು. ಈಗ ‘ಹ್ಮ್ಮ್ಮ್’ ಎಂದು ಸಂಗೀತ ಕಲಿತವರ ಹಾಗೆ ಶ್ರುತಿ ಹಿಡಿಯುತ್ತಿದೆ ಎಂದು ಅವನು ಅಂಗಡಿಯಲ್ಲಿ ಶಬ್ದ ಮಾಡಿ ತೋರಿಸಿದ. ಬೀದಿಯಲ್ಲೂ ತೋರಿಸಿದ. ಜೀವಮಾನದಲ್ಲಿ ಮೊದಲ ಸಲ ಜನ ಅವನ ಅಭಿಪ್ರಾಯ ಕೇಳುತ್ತಿದ್ದರು. ಅವನಿಗೂ ಒಂದು ಅಭಿಪ್ರಾಯವಿತ್ತು!

ಎದುರು ಮನೆಯಲ್ಲಿ ನಿವೃತ್ತ ಆಡಿಟರ್ ಇದ್ದರು. ಆಕ್ಷೇಪಣೆ ಎತ್ತಲು ಕಡತಗಳಿಲ್ಲದೆ ಸೊರಗುತ್ತಿದ್ದ ಜೀವ. ಅವರು ಮೇಷ್ಟ್ರ ಮನೆಯ ಗೇಟಿನ ಹತ್ತಿರ ಎಲ್ಲರನ್ನೂ ಸೇರಿಸಿದರು.

“ಮೇಷ್ಟ್ರು ಸಾದಾ ಸಾಕು ಅಂತಾರೆ. ಹೂಂರಾಯರು ಪ್ರೀಮಿಯಮ್ಮೇ ಸರಿ ಅಂತಾರೆ. ಅಂತಂದ್ರೆ ಏನರ್ಥ? ಇಬ್ಬರಲ್ಲೊಬ್ಬರು ತಪ್ಪು ಅಂತರ್ಥ!”

ಮೇಷ್ಟ್ರು ನಕ್ಕರು. “ಪ್ರೀಮಿಯಂ ಹಾಕಿದ್ರೆ ಅವನ ಗಾಡಿಗೇನೂ ಗೊತ್ತಾಗಲ್ಲ ಸ್ವಾಮಿ. ಅವನಿಗೆ ಮಾತ್ರ ಗೊತ್ತಾಗುತ್ತೆ. ಹೋಗ್ಲಿ ಬಿಡಿ, ಆಸೆಪಟ್ಟಿದಾನೆ.”

“ಬಿಡೋದು ಹೇಗೆ? ಭಾನುವಾರ ಹೂಂರಾಯರ ಗಾಡಿ ಸರದಿ. ನೀವು ಸುತ್ತು ಹೋಗಿ ಬಂದು, ಟ್ಯಾಂಕಲ್ಲಿರೋದು ಯಾವುದು ಅಂತ ಹೇಳ್ಬಿಡಿ. ನಿಮ್ಮ ಕಿವಿಗೆ ಗೊತ್ತಾಗ್ದೇ ಇರೋದೇನಿದೆ?”

“ಪೆಟ್ರೋಲು ಗುರುತಿಸೋಕೆ ನಾನೇನು ಕಾರ್ಬುರೇಟರಾ?” ಎಂದರು ಮೇಷ್ಟ್ರು. ಆದರೆ ಬೀದಿಯವರೆಲ್ಲ “ಹೇಳಿ ಮೇಷ್ಟ್ರೇ, ಹೇಳಿ ಮೇಷ್ಟ್ರೇ” ಎಂದು ಮಕ್ಕಳ ಹಾಗೆ ದುಂಬಾಲು ಬಿದ್ದಾಗ ಅವರಿಗೂ ಒಳಗೊಳಗೇ ಖುಷಿಯಾಗಿರಬೇಕು. “ಸರಿ, ಸುತ್ತು ಹೇಗೂ ಇದ್ದೇ ಇದೆಯಲ್ಲ” ಎಂದರು.

ಶನಿವಾರ ಅಂಗಡಿ ಮುಗಿಸಿ ಹೂಂರಾಯ ಬಂಕಿಗೆ ಹೋದ. ಟ್ಯಾಂಕು ಬರಿದಾಗಿ ಕೆಂಪು ದೀಪ ಮಿಣುಕುತ್ತಿತ್ತು. ಬಂಕಿನವನು ತಲೆ ಕೆರೆದುಕೊಂಡ. “ಪ್ರೀಮಿಯಂ ಖಾಲಿ ಸಾರ್. ಸಾದಾ ಹಾಕ್ಲಾ?”

“ಹೂಂ.”

ಪೆಟ್ರೋಲು ಬಿದ್ದು ಕಾರು ಅರ್ಧ ದಾರಿ ಬಂದ ಮೇಲೆ ಅವನಿಗೆ ಹೊಳೆಯಿತು. ನಾಳೆಯೇ ಮೇಷ್ಟ್ರ ಪರೀಕ್ಷೆ, ಟ್ಯಾಂಕಲ್ಲಿರುವುದು ಸಾದಾ! ‘ಪರವಾಗಿಲ್ಲ, ಬೆಳಿಗ್ಗೆ ಹೇಳಿಬಿಟ್ಟರಾಯಿತು, ಖಾಲಿ ಇತ್ತು ಅಂತ’ ಎಂದುಕೊಂಡ. ಬೆಳಿಗ್ಗೆ ಬಾಗಿಲು ತೆರೆದರೆ ಇಡೀ ಬೀದಿ ಬಂದು ನಿಂತಿದೆ. ಆಡಿಟರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದಾರೆ. ಭಾವಮೈದ ಬೆಳಗಾಗೆದ್ದು ಅಷ್ಟು ದೂರದಿಂದ ಬಂದಿದ್ದಾನೆ, ಜೊತೆಗೆ ತನ್ನ ಅಂಗಡಿಯ ಇಬ್ಬರು ಗೆಳೆಯರನ್ನೂ ಕರೆತಂದಿದ್ದಾನೆ. ಇಷ್ಟು ಜನರಿಗೆ ‘ಖಾಲಿ ಇತ್ತು’ ಎಂದು ಹೇಳಿ ಮನೆಗೆ ಕಳಿಸುವುದು ಹೇಗೆ? ವಾಪಸು ಬಂದ ಮೇಲೆ ಹೇಳಿದರಾಯಿತು ಎಂದು ಅದನ್ನೂ ಮುಂದೂಡಿದ.

ಕಾರು ಏರು ಹತ್ತಿತು, ನೀರಿನ ಟ್ಯಾಂಕು ಸುತ್ತಿತು, ಇಳಿಯಿತು. ದಾರಿಯುದ್ದಕ್ಕೂ ಮೇಷ್ಟ್ರು ಎಂದಿನಂತೆ ಅರ್ಧ ಕಣ್ಣು ಮುಚ್ಚಿ ಕೂತಿದ್ದರು. ಗೇಟಿನ ಹತ್ತಿರ ಇಳಿದು, ಪಂಚೆಯ ತುದಿ ಕೊಡವಿಕೊಂಡು, “ಸಾದಾ” ಎಂದರು.

ಬೀದಿಯವರೆಲ್ಲ ಹೂಂರಾಯನ ಕಡೆ ತಿರುಗಿದರು.

“ಸಾದಾನಾ?” ಭಾವಮೈದ ಗಹಗಹಿಸಿ ನಕ್ಕ. “ಭಾವ, ನೀವೇ ಹೇಳಿ. ಪ್ರೀಮಿಯಂ ತಾನೇ?”

ಈ ಪ್ರಶ್ನೆಯನ್ನು ಬೇರೆ ಯಾವ ರೀತಿಯಲ್ಲಿ ಕೇಳಿದ್ದರೂ ಈ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ‘ಯಾವುದು?’ ಎಂದಿದ್ದರೆ ಅವನು ತಡವರಿಸುತ್ತಿದ್ದ, ಬೆವರುತ್ತಿದ್ದ, ಕೊನೆಗೆ ನಿಜ ಹೇಳುತ್ತಿದ್ದ. ಆದರೆ ಭಾವಮೈದ ಉತ್ತರವನ್ನು ತಾನೇ ಬೇಯಿಸಿ ತಟ್ಟೆಗೆ ಹಾಕಿಕೊಟ್ಟಿದ್ದ.

“ಹೂಂ” ಎಂದ ಹೂಂರಾಯ.

ಮೇಷ್ಟ್ರು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, “ಹಾಗಾದ್ರೆ ನನಗೇ ಸರಿಯಾಗಿ ಕೇಳಿಸ್ಲಿಲ್ಲ ಬಿಡು” ಎಂದು ಗೇಟು ದೂಡಿಕೊಂಡು ಒಳಗೆ ಹೋದರು. ಯಾವಾಗಲೂ ಇಳಿದ ಮೇಲೆ ಕುಡಿಯುತ್ತಿದ್ದ ಚಹಾ ಕಾಂಪೌಂಡ್ ಗೋಡೆಯ ಮೇಲೆ ಇಟ್ಟಲ್ಲೇ ಆರಿತು.

ಮರ್ಯಾದಸ್ಥರೊಬ್ಬರು ಮರ್ಯಾದೆಗೆ ಹೇಳಿದ ಮಾತು ಅದು. ಬೀದಿ ಅದನ್ನು ಡಾಕ್ಟರ ಸರ್ಟಿಫಿಕೇಟಿನಂತೆ ತೆಗೆದುಕೊಂಡಿತು.

“ಅವರೇ ಒಪ್ಕೊಂಡ್ರು, ಕೇಳಿಸಲ್ಲ ಅಂತ! ಅಂತಂದ್ರೆ ಏನರ್ಥ?” ಎಂದರು ಆಡಿಟರ್. ಮಧ್ಯಾಹ್ನದೊಳಗೆ ಅರ್ಥ ಮನೆ ಮನೆಗೂ ತಲುಪಿತ್ತು: ಕ್ಲಚ್ ಮೇಷ್ಟ್ರಿಗೆ ಕಿವಿ ಹೋಗಿದೆ.

ಮರುದಿನ ಹಾಲಿನವನು ಮೇಷ್ಟ್ರ ಬಾಗಿಲಲ್ಲಿ ನಿಂತು, ಹೊಳೆಯಾಚೆಗೆ ಕೂಗುವವನ ಹಾಗೆ, “ಹಾ... ಲೂ...!” ಎಂದ. ಮೂರು ಮನೆಯವರು ಪಾತ್ರೆ ಹಿಡಿದು ಹೊರಬಂದರು. ಪೇಪರಿನವನು ಗೇಟಿಗೆ ಎಸೆಯುತ್ತಿದ್ದ ಪೇಪರನ್ನು ಅವರ ಕೈಗೇ ಕೊಟ್ಟು, ಕಿವುಡರಿಗೆ ಹೇಳುವಂತೆ ಕೈಸನ್ನೆ ಮಾಡಿದ. ಆಡಿಟರಂತೂ ತಮ್ಮ ತಾರಸಿಯಿಂದಲೇ ಕ್ಷೇಮಸಮಾಚಾರ ಶುರುಮಾಡಿದರು.

“ಮೇಷ್ಟ್ರೇ! ತಿಂಡಿ ಆಯ್ತಾ!”

“ಆಯ್ತು ಸ್ವಾಮಿ” ಎಂದು ಮೇಷ್ಟ್ರು ಎಂದಿನ ದನಿಯಲ್ಲಿ ಹೇಳಿದರು. ಅದು ತಾರಸಿಗೆ ಕೇಳಿಸಲಿಲ್ಲ. ಆಡಿಟರ್ ಮರುಗಿದರು. “ಪಾಪ, ಉತ್ತರಾನೇ ಇಲ್ಲ. ಪೂರ್ತಿ ಹೋಗಿದೆ!”

ಹೂಂರಾಯ ಹೇಳಲು ಹೊರಟ. ನಿಜವಾಗಿಯೂ ಹೊರಟ. ಗೇಟಿನ ಹತ್ತಿರ ಹೋಗಿ, “ಮೇಷ್ಟ್ರೇ, ಒಂದು ವಿಷ್ಯ...” ಎಂದು ತಗ್ಗಿದ ದನಿಯಲ್ಲಿ ಶುರುಮಾಡಿದ. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಪುಣ್ಯಾತ್ಮರು ನಿಂತು, “ಹಾಗೆ ಮೆಲ್ಲಗೆ ಹೇಳಿದ್ರೆ ಅವ್ರಿಗೆಲ್ಲಿ ಕೇಳಿಸುತ್ತೆ ಹೂಂರಾಯ್ರೇ? ತಾಳಿ, ನಾನು ಹೇಳ್ತೀನಿ. ಮೇಷ್ಟ್ರೇ! ಹೂಂರಾಯ್ರು! ಏನೋ ವಿಷ್ಯ! ಹೇಳ್ಬೇಕಂತೆ!” ಎಂದು ಅರಚಿದರು. ಅಕ್ಕಪಕ್ಕದ ಕಿಟಕಿಗಳು ತೆರೆದುಕೊಂಡವು.

“ಏನಪ್ಪಾ ಅದು?” ಎಂದರು ಮೇಷ್ಟ್ರು.

“ಏನಿಲ್ಲ ಮೇಷ್ಟ್ರೇ... ಬಿಸಿಲು ಜಾಸ್ತಿ ಅಂತ.”

“ಹೌದು” ಎಂದರು ಮೇಷ್ಟ್ರು. ಅವತ್ತು ಮೋಡ ಮುಚ್ಚಿತ್ತು.

ಮುಂದಿನ ಭಾನುವಾರ ಯಾರೂ ಮೇಷ್ಟ್ರನ್ನು ಸುತ್ತಿಗೆ ಕರೆಯಲಿಲ್ಲ. ಬದಲಿಗೆ ಹೂಂರಾಯನನ್ನು ಕರೆದರು. ಅವನು ಆಡಿಟರ ಪಕ್ಕದಲ್ಲಿ ಕೂತು ಟ್ಯಾಂಕಿನವರೆಗೆ ಹೋಗಿ ಬಂದ. ಎಷ್ಟು ಕಿವಿಗೊಟ್ಟರೂ ಅವನಿಗೆ ಕೇಳಿಸಿದ್ದು ಆಡಿಟರು ಮಾತ್ರ. “ಗಾಡಿ ಸ್ವಲ್ಪ ಭಾರ ಅಲ್ವಾ?” ಎಂದು ಅವರೇ ಕೇಳಿದಾಗ “ಹೂಂ” ಎಂದ. “ಪ್ರೀಮಿಯಂ ಹಾಕ್ಬೇಕು ಅಂತೀರಾ?” “ಹೂಂ.” ಬೀದಿಯ ಕಾರುಗಳೆಲ್ಲ ಒಂದೊಂದಾಗಿ ಪ್ರೀಮಿಯಂ ಕುಡಿಯಲು ಕಲಿತವು.

ಸುದ್ದಿ ಬೇರೆ ಬಡಾವಣೆಯಲ್ಲಿದ್ದ ಮೇಷ್ಟ್ರ ಮಗಳಿಗೆ ಮುಟ್ಟಿತು. ಆಕೆ ಹೈಸ್ಕೂಲಿನ ಹೆಡ್‌ಮಿಸ್ಸು. ಅಪ್ಪನ ಕೈಹಿಡಿದು ಸೀದಾ ಕನ್ನಡಕದ ಅಂಗಡಿಗೇ ಕರೆತಂದಳು. ಅಲ್ಲಿ ಕಣ್ಣಿನ ಜೊತೆಗೆ ಕಿವಿಯ ವ್ಯಾಪಾರವೂ ಇತ್ತು. ಪರೀಕ್ಷೆ ಮಾಡಿ ಕಿವಿ ಮಿಷನ್ನು ಕೊಡುತ್ತಿದ್ದರು. ಪರೀಕ್ಷೆ ಮಾಡುವವನು, ಓದುಗರು ಊಹಿಸಿರುವಂತೆ, ನಮ್ಮ ಹೂಂರಾಯ.

“ನೀವು ಅಪ್ಪನ ಬೀದಿಯವ್ರೇ ಅಂತೆ, ಒಳ್ಳೇದಾಯ್ತು” ಎಂದಳು ಹೆಡ್‌ಮಿಸ್ಸು, ಹಿಂದಿನ ಬೆಂಚಿಗೂ ಕೇಳಿಸುವ ದನಿಯಲ್ಲಿ. “ಅಪ್ಪಾ, ನೇರ ಕೂತ್ಕೋ. ಕೈ ಮೇಜಿನ ಮೇಲೆ. ಅವರು ಹೇಳಿದ ಹಾಗೆ ಮಾಡು. ಆ ಕಡೆ ಈ ಕಡೆ ನೋಡಬಾರದು.”

ಹೂಂರಾಯ ಮೇಷ್ಟ್ರ ತಲೆಗೆ ಹೆಡ್‌ಫೋನು ಏರಿಸಿದ. ಕನ್ನಡಕದ ಅಭ್ಯಾಸಬಲದಿಂದ ಅದು ಮೂಗಿನ ಮೇಲೆ ಕೂತಿತು. ಮತ್ತೆ ಸರಿಮಾಡಿದ. “ಶಬ್ದ ಕೇಳಿಸಿದಾಗೆಲ್ಲ ಬೆರಳೆತ್ತಿ ಮೇಷ್ಟ್ರೇ” ಎಂದು ಬಟನ್ನು ಒತ್ತಿದ. ‘ಕುಂಯ್’ ಎಂದಿತು ಯಂತ್ರ. ಮೇಷ್ಟ್ರ ರೆಪ್ಪೆ ಅಲುಗಿತು. ಬೆರಳು ಏಳಲಿಲ್ಲ. ಸಣ್ಣ ಶಬ್ದ ಕೊಟ್ಟ. ರೆಪ್ಪೆ ಅಲುಗಿತು, ಬೆರಳು ಸುಮ್ಮನಿತ್ತು. ಇರುವೆಗೆ ಮಾತ್ರ ಕೇಳಿಸುವಷ್ಟು ಸಣ್ಣದು ಕೊಟ್ಟ. ಆಗಲೂ ಆ ರೆಪ್ಪೆ! ಮೇಷ್ಟ್ರು ಅವನನ್ನೇ ನೋಡುತ್ತಿದ್ದರು. ಮೇಜಿನ ಮೇಲೆ ಬೆರಳುಗಳು ಶಿಸ್ತಿನ ವಿದ್ಯಾರ್ಥಿಗಳ ಹಾಗೆ ಸಾಲಾಗಿ ಮಲಗಿದ್ದವು.

ಹೂಂರಾಯನಿಗೆ ತಲೆಬುಡ ತಿಳಿಯಲಿಲ್ಲ. ಕೇಳಿಸುತ್ತಿದೆ, ಆದರೆ ಎತ್ತುತ್ತಿಲ್ಲ. ಯಾಕೆ?

“ಕೇಳಿಸ್ತಾ ಇಲ್ಲ ತಾನೇ?” ಹೆಡ್‌ಮಿಸ್ಸು ಕೇಳಿದಳು.

ಆ ಹಾಳು ‘ತಾನೇ’! “ಹೂಂ” ಎಂದುಬಿಟ್ಟ.

ಅಂಗಡಿ ಯಜಮಾನರು ಇದಕ್ಕೇ ಕಾದಿದ್ದವರ ಹಾಗೆ ಎರಡು ಪೆಟ್ಟಿಗೆ ತೆರೆದರು. “ನೋಡಿ ಮೇಡಂ, ಇದರಲ್ಲಿ ಸಾದಾ ಇದೆ, ಪ್ರೀಮಿಯಂ ಇದೆ.”

“ಸಾದಾ ಸಾಕು” ಎಂದರು ಮೇಷ್ಟ್ರು.

“ಅಪ್ಪಾ, ನಿಂಗೆ ಗೊತ್ತಾಗಲ್ಲ, ಸುಮ್ನಿರು. ಪ್ರೀಮಿಯಂ ಕೊಡಿ.” ಅಷ್ಟಕ್ಕೇ ನಿಲ್ಲದೆ ಅಪ್ಪನ ಮುಂದೆ ಕೈಚಾಚಿದಳು. “ಗಾಡಿ ಕೀ ಕೊಡು. ಹಾರನ್ ಕೇಳಿಸ್ದೇ ಇರೋರು ರೋಡಿಗೆ ಇಳಿಯೋ ಹಾಗಿಲ್ಲ. ಗಾಡಿ ಮಾರಿಬಿಡೋಣ. ಇದರಲ್ಲಿ ಚರ್ಚೆ ಇಲ್ಲ.”

ಮೇಷ್ಟ್ರು ಜೇಬಿಗೆ ಕೈಹಾಕಿದರು. ಕೀ ತೆಗೆದರು. ಮಗಳ ಕೈಗಿಡುವ ಮೊದಲು ಹೂಂರಾಯನ ಕಡೆ ಒಮ್ಮೆ ನೋಡಿದರು. ಹೂಂರಾಯ ಕನ್ನಡಕ ಒರೆಸುವ ಬಟ್ಟೆ ತೆಗೆದುಕೊಂಡು, ಕನ್ನಡಕವೇ ಇಲ್ಲದ ಮೇಜನ್ನು ಶ್ರದ್ಧೆಯಿಂದ ಒರೆಸುತ್ತಿದ್ದ.

ಅವತ್ತು ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು ಒಗ್ಗರಣೆ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು.

“ರೀ! ಟ್ಯಾಂಕಲ್ಲಿ ಸಾದಾನೇ ಇತ್ತಾ?”

“ಹೂಂ.”

“ಮೇಷ್ಟ್ರು ಹೇಳಿದ್ದೇ ಸರೀನಾ?”

“ಹೂಂ.”

“ಅವ್ರಿಗೆ ಆ ಗಾಡಿ ಬಿಟ್ರೆ ಇನ್ನೇನಿದೇರೀ? ಹೋಗಿ ಹೇಳಿ. ಒಂದು ಮಾತು! ನಿಮ್ಗಾಗದಿದ್ರೆ ನಾನು ಹೋಗಿ ಹೇಳ್ಲಾ?”

ಜೀವನದಲ್ಲಿ ಅವನು ‘ಹೂಂ’ ಎನ್ನಲೇಬೇಕಾಗಿದ್ದ ಪ್ರಶ್ನೆ ಅದೊಂದೇ ಇತ್ತು. “ಬೇಡ. ನಾನೇ ಹೇಳ್ತೀನಿ” ಎಂದ. ಹೇಳುವ ಮಾತನ್ನು ಬಚ್ಚಲುಮನೆಯ ಕನ್ನಡಿಯ ಮುಂದೆ ಅಭ್ಯಾಸವೂ ಮಾಡಿದ. ಕನ್ನಡಿಯಲ್ಲಿದ್ದವನು ಪ್ರತಿಸಲವೂ ಅವನನ್ನು ಕ್ಷಮಿಸಿ ಕಳಿಸುತ್ತಿದ್ದ. ಅಷ್ಟಕ್ಕೇ ಮನಸ್ಸು ಹಗುರಾಗಿ, ಗೇಟಿನ ತನಕ ಹೋಗುವುದು ನಾಳೆಗೆ ಬೀಳುತ್ತಿತ್ತು.

ಮೇಷ್ಟ್ರ ಗಾಡಿಗೆ ಗಿರಾಕಿಯನ್ನು ಹುಡುಕಿಕೊಟ್ಟವನು ಭಾವಮೈದನೇ. ಭಾನುವಾರ ಬೆಳಿಗ್ಗೆ ಗಿರಾಕಿ ತನ್ನ ಕಾಲೇಜು ಓದುವ ಮಗಳ ಜೊತೆ ಬಂದ. ಮಗಳಿಗೆ ಕಲಿಯಲು ಗಾಡಿ ಬೇಕಾಗಿತ್ತು. ಪಕ್ಕದ ಸೀಟಿನಲ್ಲೂ ಬ್ರೇಕು ಇರುವ ಕಾರು ಎಂದರೆ ಹೆತ್ತವರಿಗೆ ಅದಕ್ಕಿಂತ ಇನ್ನೇನು ಬೇಕು? ಬೀದಿಯೆಲ್ಲ ಸೇರಿತು. ಹೆಡ್‌ಮಿಸ್ಸು ಕಾಗದಪತ್ರ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮೇಷ್ಟ್ರು ಕಿವಿಗೆ ಪ್ರೀಮಿಯಂ ಮಿಷನ್ನು ಸಿಕ್ಕಿಸಿಕೊಂಡು, ಗೇಟಿನ ಕಂಬಕ್ಕೆ ಒರಗಿ, ತಮ್ಮ ಕಾರನ್ನು ಅದು ಬೇರೆ ಯಾರದೋ ಎನ್ನುವಂತೆ ನೋಡುತ್ತಿದ್ದರು.

“ನಮ್ಮ ಭಾವನ್ನ ಕೇಳಿ, ಈ ಬೀದಿಗೆ ಅವರದೇ ಕೊನೇ ಮಾತು” ಎಂದು ಭಾವಮೈದ ಹೂಂರಾಯನನ್ನು ಮುಂದೆ ತಳ್ಳಿದ.

ಆ ಗಳಿಗೆಯಲ್ಲಿ ಹೂಂರಾಯನ ತಲೆಗೆ ಒಂದು ಉಪಾಯ ಹೊಳೆಯಿತು. ನಿಜ ಹೇಳುವುದಕ್ಕಿಂತ ಸುಲಭವಾದದ್ದು. ಗಾಡಿ ಸರಿಯಿಲ್ಲ ಎಂದುಬಿಟ್ಟರೆ ಗಿರಾಕಿ ಓಡಿಹೋಗುತ್ತಾನೆ, ಕಾರು ಮೇಷ್ಟ್ರ ಹತ್ತಿರವೇ ಉಳಿಯುತ್ತದೆ! ಅವನು ಕೆಮ್ಮಿ, ಗಂಭೀರವಾಗಿ ಶುರುಮಾಡಿದ.

“ನೋಡಿ... ಹಳೇ ಗಾಡಿ. ಬಹಳ ಜನ ಕಲ್ತಿದಾರೆ ಇದರಲ್ಲಿ. ಬಹಳ ಜನ ಗುದ್ದಿಸಿದಾರೆ.”

“ಇಂಜಿನ್ನು?” ಎಂದ ಗಿರಾಕಿ.

“ಇಂಜಿನ್ನು...” ಹೂಂರಾಯ ಮೇಷ್ಟ್ರ ಕಡೆ ನೋಡಿದ. ಅವರ ಕಣ್ಣೆದುರಿಗೆ ಆ ಕಾರಿನ ಮೇಲೆ ಕೆಟ್ಟ ಮಾತು ಹೇಳಲು ನಾಲಗೆ ಏಳಲಿಲ್ಲ. “ಇಂಜಿನ್ನು ಮಾತ್ರ... ನಾನು ಎಷ್ಟು ಸಲ ಗೇರು ತಪ್ಪಿಸಿದ್ರೂ ಒಂದಿನಾನೂ ನನ್ನ ನಡುದಾರೀಲಿ ಬಿಡಲಿಲ್ಲ. ಏರಿನಲ್ಲಿ ಹಿಂದಕ್ಕೆ ಜಾರೋಕೆ ಬಿಟ್ಟಿದ್ದೆ, ಆವಾಗ್ಲೂ ಬಿಡಲಿಲ್ಲ. ಇಂಥಾ ಗಾಡಿ...”

“ಅಪ್ಪಾ, ಪ್ಲೀಸ್, ಇದೇ ಬೇಕು” ಎಂದಳು ಹುಡುಗಿ, ಆಗಲೇ ಸೀಟಿನಲ್ಲಿ ಕೂತು ಸ್ಟೇರಿಂಗ್ ಹಿಡಿದವಳು.

ವ್ಯಾಪಾರ ಕುದುರಿತು. ಮಗಳನ್ನು ಪಕ್ಕಕ್ಕೆ ಸರಿಸಿ ಗಿರಾಕಿ ಕಾರು ಸ್ಟಾರ್ಟ್ ಮಾಡಿದ. ಕೀಲಿ ತಿರುಗಿಸಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟ. ಉಳಿದ ಕಾಗದಗಳಿಗೆ ಸಹಿ ಹಾಕಿಸಲು ಹೆಡ್‌ಮಿಸ್ಸು ಹಿಂದಿನ ಸೀಟಿಗೆ ಹತ್ತಿದಳು. ಭಾವಮೈದನೂ ಹತ್ತಿದ. ಕೆನೆಬಣ್ಣದ ಕಾರು ಬೀದಿ ದಾಟಿ ಏರಿನ ಕಡೆ ತಿರುಗಿತು. ಸೇರಿದ್ದವರು ಚದುರತೊಡಗಿದರು.

ಆಗ ಹೂಂರಾಯ ಬಾಯಿ ಬಿಟ್ಟ.

“ಮೇಷ್ಟ್ರೇ, ಅವತ್ತು ಟ್ಯಾಂಕಲ್ಲಿ ಸಾದಾನೇ ಇತ್ತು.”

ಮೇಷ್ಟ್ರು ಕಿವಿಯ ಹಿಂದೆ ಅಂಗೈ ಹಿಡಿದರು. “ಏನಪ್ಪಾ?”

“ಅವತ್ತು... ಸಾದಾ ಪೆಟ್ರೋಲೇ ಇತ್ತು! ಬಂಕಲ್ಲಿ ಪ್ರೀಮಿಯಂ ಖಾಲಿಯಾ...”

“ಜೋರಾಗಿ ಹೇಳು.”

“ಸಾದಾ ಇತ್ತು! ನಾನು ಸುಳ್ಳು ಹೇಳ್ದೆ!”

“ಇನ್ನೂ ಜೋರಾಗಿ.”

ಹೂಂರಾಯ ಕಣ್ಣು ಮುಚ್ಚಿಕೊಂಡ. ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದೆಲ್ಲ ಒಟ್ಟಿಗೇ ಕಿತ್ತುಕೊಂಡು ಬಂತು. “ನೀವು ಹೇಳಿದ್ದೇ ಸರಿ ಮೇಷ್ಟ್ರೇ! ನಾನು ಎಲ್ಲರ ಮುಂದೆ ಸುಳ್ಳು ಹೇಳಿದ್ದು! ನಿಮ್ಮ ಕಿವಿ ಸರಿಯಾಗಿದೆ! ಕೇಳಿಸ್ತಾ? ನಿಮ್ಮ! ಕಿವಿ! ಸರಿಯಾಗಿದೆ!”

ತಾರಸಿಗಳಲ್ಲಿ ತಲೆಗಳು ಮೂಡಿದವು. ಬಟ್ಟೆ ಒಣಗಿಸುತ್ತಿದ್ದವರು ಬಟ್ಟೆ ಕೈಬಿಟ್ಟರು. ಮುದುಕರೊಬ್ಬರ ಮುಂದೆ ನಿಂತು ‘ನಿಮ್ಮ ಕಿವಿ ಸರಿಯಾಗಿದೆ’ ಎಂದು ಗಂಟಲು ಹರಿಯುವಂತೆ ಅರಚುತ್ತಿದ್ದ ಮನುಷ್ಯನನ್ನು ಇಡೀ ಬೀದಿ ಕಣ್ತುಂಬ ನೋಡಿತು. ಅವನ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಡಿಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನೋಡಿ, ನೋಡಿ! ಗಾಡಿ ಹೋಯ್ತಲ್ಲ ಅಂತ ಮೇಷ್ಟ್ರು ನೊಂದ್ಕೋತಾರೆ ಅಂತ ತಪ್ಪನ್ನ ತನ್ನ ಮೇಲೇ ಹಾಕ್ಕೋತಿದಾನೆ. ಅಂತಂದ್ರೆ ಏನರ್ಥ? ಇಂಥಾ ಮನಸ್ಸು ಈ ಕಾಲದಲ್ಲಿ ಯಾರಿಗಿದೆ ಅಂತರ್ಥ!”

ಯಾರೋ ಚಪ್ಪಾಳೆಯನ್ನೂ ತಟ್ಟಿದರು.

“ಅಲ್ಲ ಸ್ವಾಮಿ, ನಿಜವಾಗ್ಲೂ...” ಎಂದು ಹೂಂರಾಯ ತಿರುಗಿದ. “ಗೊತ್ತಪ್ಪಾ, ಗೊತ್ತು” ಎಂದು ಆಡಿಟರು ಅವನ ಬೆನ್ನು ತಟ್ಟಿ, ಮೆಚ್ಚುಗೆಯಿಂದ ತಲೆಯಾಡಿಸುತ್ತಾ ಒಳಗೆ ಹೋದರು. ಬೀದಿ ಖಾಲಿಯಾಯಿತು.

ಮೇಷ್ಟ್ರು ಕಿವಿಯಿಂದ ಮಿಷನ್ನು ತೆಗೆದು ಜೇಬಿಗೆ ಹಾಕಿಕೊಂಡರು. “ಮೊದಲ್ನೇ ಸಲಾನೇ ಕೇಳಿಸ್ತು” ಎಂದರು, ಪಕ್ಕದ ಸೀಟಿನಿಂದ ಹೇಳುವ ಅದೇ ದನಿಯಲ್ಲಿ. “ಒಂದ್ಸಲ ಬೀದಿಗೂ ಕೇಳಿಸ್ಲಿ ಅಂದ್ಕೊಂಡೆ. ಬೀದಿಗೆ ನನಗಿಂತ ಕಿವಿ ಮಂದ.”

“ಅಂಗಡೀಲೂ ನಿಮ್ಗೆ ಕೇಳಿಸ್ತಿತ್ತು. ಯಾಕೆ ಮೇಷ್ಟ್ರೇ ಬೆರಳೆತ್ತಲಿಲ್ಲ?”

“ಎತ್ತಿದ್ರೆ ನನ್ನ ಮಗಳು ಅಲ್ಲೇ ನಿನ್ನ ನಿಲ್ಲಿಸಿ, ಹಾಗಾದ್ರೆ ಸುಳ್ಳು ಹೇಳಿದ್ಯಾರು ಅಂತ ಕೇಳ್ತಿದ್ಲು. ನಿನ್ನ ಯಜಮಾನರ ಮುಂದೆ. ಅವಳು ಕೇಳೋ ರೀತಿ ನೋಡಿದ್ಯಲ್ಲ.” ಮೇಷ್ಟ್ರು ಕಂಬದಿಂದ ಬೆನ್ನು ತೆಗೆದರು. “ಪೆಟ್ರೋಲು ಯಾವ ಕಿವಿಗೂ ಕೇಳಿಸಲ್ಲ ಕಣೋ. ಅವತ್ತು ಏರಿನಲ್ಲಿ ನಿನ್ನ ಎಡಗಾಲು ಕ್ಲಚ್ ಮೇಲೆ ನಡುಗ್ತಾ ಇತ್ತು. ಪ್ರೀಮಿಯಂ ಹಾಕ್ಸಿದ್ದಿದ್ರೆ ಜಂಬದಲ್ಲಿ ಒತ್ತಿರ್ತಿದ್ದೆ. ಅದನ್ನ ನೋಡಿ ಹೇಳ್ದೆ. ಆಮೇಲೆ ನೀನು ಹೂಂ ಅಂದಾಗ, ನಿನ್ನ ವಿಷಯದಲ್ಲಿ ನಂಗೇ ತಪ್ಪಾಯ್ತೇನೋ ಅಂತ ಆಸೆ ಆಯ್ತು. ನೀನು ಸುಳ್ಳು ಹೇಳಿಲ್ಲ ಅಂತಾಗಿದ್ರೆ ನನ್ನ ಕಿವಿ ಹೋಗಿದ್ರೂ ಪರವಾಗಿರ್ಲಿಲ್ಲ.”

“ಈಗ್ಲೇ ಫೋನ್ ಮಾಡ್ತೀನಿ ಮೇಷ್ಟ್ರೇ. ಹೆಡ್‌ಮಿಸ್ಸಿಗೆ ಎಲ್ಲಾ ಹೇಳ್ತೀನಿ. ಗಾಡಿ ವಾಪಸ್ ತರಿಸ್ತೀನಿ.”

“ಆ ಹುಡುಗಿ ಮುಖ ನೋಡಿದ್ಯಾ, ಸ್ಟೇರಿಂಗ್ ಹಿಡ್ಕೊಂಡಾಗ? ಅವಳ ಕೈಯಿಂದ ಕಿತ್ಕೊಳ್ಳೋಕಾಗುತ್ತಾ?” ಮೇಷ್ಟ್ರು ತಲೆಯಾಡಿಸಿದರು. “ಅವನು ಸ್ಟಾರ್ಟ್ ಮಾಡಿ ಹಾಗೇ ಬಿಟ್ಟಿದ್ನಲ್ಲ, ಆವಾಗ ಹೇಳ್ತೀಯೇನೋ ಅಂತ ನಿನ್ನ ಕಡೇನೇ ನೋಡ್ತಿದ್ದೆ.”

ಹೂಂರಾಯ ಹೊರತೆಗೆದಿದ್ದ ಫೋನನ್ನು ಮತ್ತೆ ಜೇಬಿಗಿಳಿಸಿದ.

ಮೇಷ್ಟ್ರು ಏರಿನ ಕಡೆ ಮುಖ ತಿರುಗಿಸಿ, ಅರ್ಧ ಕಣ್ಣು ಮುಚ್ಚಿದರು. “ಅಯ್ಯೋ, ಎರಡನೇ ಗೇರಲ್ಲೇ ಹತ್ತಿಸ್ಬೇಕಪ್ಪಾ ಅಲ್ಲಿ. ಮೂರಕ್ಕೆ ಹಾಕಿಬಿಟ್ಟ... ಹಾಂ, ಈಗ ಇಳಿಸಿದ. ಟ್ಯಾಂಕ್ ಹತ್ರ ತಿರುಗಿಸ್ತಿದಾನೆ.” ಆಮೇಲೆ ಹೂಂರಾಯನ ಕಡೆ ತಿರುಗಿದರು. “ನಿಂಗೆ ಕೇಳಿಸ್ತಿದೆಯಾ?”

ಹೂಂರಾಯ ಉಸಿರು ಬಿಗಿಹಿಡಿದು ಕಿವಿಗೊಟ್ಟ. ಎಲ್ಲೋ ಯಾರದೋ ಮನೆಯಲ್ಲಿ ನಲ್ಲಿ ಸೋರುತ್ತಿತ್ತು. ಅದು ಬಿಟ್ಟರೆ ಬೀದಿಯಲ್ಲಿ ಏನೂ ಇರಲಿಲ್ಲ.

“ಇಲ್ಲ ಮೇಷ್ಟ್ರೇ” ಎಂದ.

“ನಂಗೆ ಕೇಳಿಸ್ತಾ ಇದೆ” ಎಂದರು ಮೇಷ್ಟ್ರು. ಆಮೇಲೂ ಬಹಳ ಹೊತ್ತು ಅವರು ಅಲ್ಲೇ ನಿಂತಿದ್ದರು.